2 ವರ್ಷ ಆದ ಕೂಡಲೇ ಬಿಡುತ್ತಾರೆ ಅಂತೇನಿಲ್ಲ

ಕೆನಡಾದಲ್ಲಿ 6 ವರ್ಷ ಶಿಕ್ಷೆಯಾಗಿರುವ ನಿಮ್ಮ ಅಣ್ಣ 2 ವರ್ಷಕ್ಕೆ ಹೊರಗೆ ಬರುವುದು ಖಚಿತವಾ ಅಂತ ಕೇಳಿದ್ದೀರಿ. ಖಚಿತ ಅಲ್ಲ. ಸಾಮಾನ್ಯವಾಗಿ ಶಿಕ್ಷೆಯ ಮೂರನೇ ಒಂದು ಭಾಗ ಕಳೆದ ಮೇಲೆ ಪೂರ್ಣ ಪೆರೋಲ್ (ಉಳಿದ ಶಿಕ್ಷೆಯನ್ನು ಜೈಲಿನ ಹೊರಗೆ ನಿಗಾದಲ್ಲಿ ಕಳೆಯುವ ಅನುಮತಿ) ಕೇಳುವ ಅರ್ಹತೆ ಬರುತ್ತದೆ, ಅಷ್ಟೇ. ತೀರ್ಮಾನ ಕೆನಡಾ ಪೆರೋಲ್ ಮಂಡಳಿಯದು.

ಪೆರೋಲ್ ಕುರಿತ 1992ರ ಕಾನೂನಿನ ಪ್ರಕಾರ ಮಂಡಳಿಗೆ ಸಮಾಜದ ರಕ್ಷಣೆಯೇ ಎಲ್ಲಕ್ಕಿಂತ ಮುಖ್ಯ. ಹಾಗಾಗಿ ಹಳೆಯ ಕೇಸುಗಳು, ನ್ಯಾಯಾಧೀಶರ ಮಾತು, ಜೈಲಿನ ನಡವಳಿಕೆ, ಅಲ್ಲಿ ಮುಗಿಸಿದ ತರಬೇತಿ, ನೊಂದವರ ಹೇಳಿಕೆ ಎಲ್ಲವನ್ನೂ ನೋಡುತ್ತಾರೆ. ವಿಚಾರಣೆಯಲ್ಲಿ ನೇರವಾಗಿ ಪ್ರಶ್ನೆ ಕೇಳುತ್ತಾರೆ. ಯಾಕೆ ಹಾಗೆ ಮಾಡಿದಿರಿ, ಈಗ ಏನು ಬದಲಾಗಿದೆ ಅಂತ. ತಪ್ಪನ್ನು ಬೇರೆಯವರ ಮೇಲೆ ಹಾಕಿದರೆ ಕಷ್ಟ.

ನಿಮ್ಮಿಂದ ಆಗುವ ದೊಡ್ಡ ಸಹಾಯ ಬಿಡುಗಡೆ ಯೋಜನೆಯಲ್ಲಿದೆ. ಎಲ್ಲಿ ಇರುತ್ತಾರೆ, ಏನು ಕೆಲಸ, ಯಾರು ಜೊತೆಗಿರುತ್ತಾರೆ ಅಂತ ಪತ್ರದಲ್ಲಿ ಸ್ಪಷ್ಟವಾಗಿ ಬರೆಯಿರಿ. ಸುಮ್ನೆ 'ಅಣ್ಣ ತುಂಬ ಒಳ್ಳೆಯವನು' ಅಂದರೆ ಸಾಲದು. ವಿಚಾರಣೆಗೆ ಅಣ್ಣ ಒಬ್ಬ ಸಹಾಯಕರನ್ನು ಕರೆತರಬಹುದು, ವಕೀಲರೇ ಆಗಬೇಕಿಲ್ಲ.

ಡೇ ಪೆರೋಲ್‌ಗೆ (ಹಗಲು ಹೊರಗಿದ್ದು ರಾತ್ರಿ ನಿಗದಿತ ವಸತಿಗೆ ಮರಳುವ ಬಿಡುಗಡೆ) ಪೂರ್ಣ ಪೆರೋಲ್‌ಗಿಂತ 6 ತಿಂಗಳು ಮೊದಲೇ ಅರ್ಹತೆ ಬರುತ್ತದೆ, ಆದರೆ ಅರ್ಜಿ ಹಾಕಬೇಕು. ಪೆರೋಲ್ ಸಿಗದಿದ್ದರೂ ಮೂರನೇ ಎರಡು ಭಾಗಕ್ಕೆ, ಅಂದರೆ 4 ವರ್ಷಕ್ಕೆ, ನಿಗಾದಲ್ಲಿ ಬಿಡುವುದು ವಾಡಿಕೆ. ತೀರಾ ಅಪಾಯ ಅನಿಸಿದರೆ ಆಗಲೂ ತಡೆಹಿಡಿಯಬಹುದು.

ಅಣ್ಣ ಅಲ್ಲಿನ ಪ್ರಜೆ ಅಲ್ಲ ಅಂದರೆ ಗಡೀಪಾರು ಆದೇಶ ಇದೆಯಾ ಅಂತ ಮೊದಲು ವಿಚಾರಿಸಿ. ಇದ್ದರೆ ಡೇ ಪೆರೋಲ್ ದಿನಾಂಕವೇ ಮುಂದೆ ಹೋಗುತ್ತದೆ.