ಮೂರು ಫಿಲ್ಟರ್, ಒಂದು ಬತ್ತಿದ ಬಾವಿ

ಓದುಗರ ಪತ್ರ:

"ಸಂಪಾದಕರೇ, ಲೋಕದ ಬಡತನ ಕಮ್ಮಿ ಮಾಡಲು ಸಿರಿವಂತ ಮನೆತನಗಳು ಒಟ್ಟಾಗಿ ದುಡ್ಡು ಹಾಕುವ ಬಗ್ಗೆ ಹೋದ ತಿಂಗಳು ಬರೆದಿದ್ದೀರಿ. ದಾನ ಮಾಡುವುದಕ್ಕೂ ಸಂಘ ಬೇಕಾ? ಒಬ್ಬೊಬ್ಬರೇ ಕೊಟ್ಟರೆ ಕೈ ನೋಯುತ್ತದಾ? ತೆರಿಗೆ ಉಳಿಸುವ ನಾಟಕ ಇದು ಅಂತ ನನಗೆ ಅನಿಸುತ್ತದೆ. ಕೇಳಲು ಕಾರಣ ಇದೆ. ನಮ್ಮೂರಿನ ಮೂರು ಅಡಿಕೆ ಮನೆತನದವರು ಸೇರಿ ಊರಿಗೆ ಏನಾದರೂ ಮಾಡುತ್ತಾರಂತೆ. ಸಮಿತಿಯಲ್ಲಿ ನಾನೂ ಇರಬೇಕಂತೆ. ಇರಲೋ, ಬೇಡವೋ?"

– ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕರು, ತೀರ್ಥಹಳ್ಳಿ ತಾಲ್ಲೂಕು (ಹೆಸರು ಹಾಕಬೇಡಿ ಎಂದಿದ್ದಾರೆ)

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ.

ಮೊದಲು ಒಂದು ಶಾಲೆಯ ಕತೆ ಹೇಳಿಬಿಡುತ್ತೇನೆ. ಕೆಲವು ವರ್ಷದ ಹಿಂದೆ ನಮ್ಮ ಕಡೆಯ ಒಂದು ಸರ್ಕಾರಿ ಶಾಲೆಯ ವಾರ್ಷಿಕೋತ್ಸವಕ್ಕೆ ಹೋಗಿದ್ದೆ. ಆಫೀಸ್ ರೂಮಿನ ಗೋಡೆಗೆ ಒಂದು ವಾಟರ್ ಫಿಲ್ಟರ್, ಅದರ ಮೇಲೆ ದಾನಿಯ ಹೆಸರು. ಮೂಲೆಯಲ್ಲಿ ಇನ್ನೆರಡು ಇದ್ದವು. ಅವುಗಳ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರಲಿಲ್ಲ. ಅವಕ್ಕೂ ಬೇರೆ ಬೇರೆ ಹೆಸರು. ಕುಡಿಯಲು ನೀರು ಕೇಳಿದೆ. ಹೆಡ್‌ಮೇಷ್ಟ್ರು ಒಬ್ಬ ಹುಡುಗನನ್ನು ಪಕ್ಕದ ಮನೆಗೆ ಓಡಿಸಿದರು. ಶಾಲೆಯ ಬಾವಿ ಫೆಬ್ರವರಿಗೇ ಬತ್ತಿತ್ತು.

ಮೂವರು ದಾನಿಗಳೂ ಒಳ್ಳೆಯವರೇ. ಒಬ್ಬರು ಕೊಟ್ಟಿದ್ದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ, ಅಷ್ಟೇ. ಮೂವರ ದುಡ್ಡು ಒಂದಾಗಿದ್ದರೆ ಹೂಳು ತೆಗೆಸಿ ಬಾವಿಯನ್ನು ಇನ್ನೆರಡು ಕೋಲು ಇಳಿಸಬಹುದಿತ್ತು. ಆದರೆ ಬಾವಿಯ ತಳದಲ್ಲಿ ಹೆಸರು ಬರೆಸಲು ಆಗುವುದಿಲ್ಲವಲ್ಲ.

ದಾನಕ್ಕೂ ಸಂಘ ಬೇಕಾ ಎಂದು ಕೇಳಿದಿರಿ. ಈ ಕಾರಣಕ್ಕೇ ಬೇಕು. ಲೋಕದ ಮಟ್ಟದಲ್ಲೂ ಆಗುವುದು ಇದೇ ಫಿಲ್ಟರ್ ಕತೆ. ಬಡವರ ನಡುವೆ ಕೆಲಸ ಮಾಡುವ ಒಂದು ಸಂಸ್ಥೆಗೆ ಹನ್ನೆರಡು ದಾನಿಗಳಿದ್ದಾರೆ ಎಂದುಕೊಳ್ಳಿ. ಹನ್ನೆರಡು ಅರ್ಜಿ, ಹನ್ನೆರಡು ವರದಿ, ಹನ್ನೆರಡು ಸಲ ಅತಿಥಿಗಳಿಗೆ ಊರು ತೋರಿಸುವ ಕೆಲಸ. ಒಬ್ಬರು ಪುಸ್ತಕಕ್ಕೆ ಮಾತ್ರ ಕೊಡುತ್ತಾರೆ, ಇನ್ನೊಬ್ಬರು ಕಂಪ್ಯೂಟರಿಗೆ ಮಾತ್ರ. ಮೇಷ್ಟ್ರ ಸಂಬಳಕ್ಕೆ ಯಾರೂ ಕೊಡುವುದಿಲ್ಲ.

ಇದನ್ನು ಸರಿ ಮಾಡಲು ಕೆಲವು ಮನೆತನಗಳು ಬೇರೆ ಬೇರೆ ದಾರಿ ಹಿಡಿದಿವೆ. ಅಮೆರಿಕದಲ್ಲಿ ಎಣ್ಣೆ ವ್ಯಾಪಾರದಿಂದ ಸಿರಿವಂತರಾದ ರಾಕ್‌ಫೆಲ್ಲರ್ ಮನೆಯ ಪೆಗ್ಗಿ ಡುಲನಿ ಮತ್ತು ಅವರ ತಂದೆ ಡೇವಿಡ್ 2001ರಲ್ಲಿ ಹಲವು ದೇಶಗಳ ಶ್ರೀಮಂತ ಕುಟುಂಬಗಳ ಒಂದು ಬಳಗ ಕಟ್ಟಿದರು. ಅಲ್ಲಿ ಹೆಚ್ಚಾಗಿ ನಡೆಯುವುದು ಒಬ್ಬರಿಂದ ಒಬ್ಬರು ಕಲಿಯುವ ಕೆಲಸ. 2010ರಲ್ಲಿ ಮೈಕ್ರೋಸಾಫ್ಟ್‌ನ ಬಿಲ್ ಗೇಟ್ಸ್, ಅವರ ಆಗಿನ ಪತ್ನಿ ಮೆಲಿಂಡಾ, ಷೇರು ಹೂಡಿಕೆಯ ವಾರನ್ ಬಫೆಟ್ ಸೇರಿ 'ಗಿವಿಂಗ್ ಪ್ಲೆಡ್ಜ್' ಶುರು ಮಾಡಿದರು. ಆಸ್ತಿಯಲ್ಲಿ ಕನಿಷ್ಠ ಅರ್ಧ ಕೊಡುತ್ತೇವೆ ಎಂಬ ಮಾತು. ಮೊದಲು 40 ಅಮೆರಿಕನ್ ಮನೆಗಳು, ಈಗ 200 ದಾಟಿದೆ. ನಮ್ಮ ಅಜೀಂ ಪ್ರೇಮ್‌ಜಿ ಇದ್ದಾರೆ, ನಿಲೇಕಣಿ ದಂಪತಿ ಇದ್ದಾರೆ. ಆದರೆ ಇದು ಬರೀ ಮಾತು. ಕೊಡದಿದ್ದರೆ ಯಾವ ಕೋರ್ಟೂ ಕೇಳುವುದಿಲ್ಲ. ನಿಮ್ಮ 'ನಾಟಕ' ಎಂಬ ಮಾತಿಗೆ ಇಲ್ಲಿ ಸ್ವಲ್ಪ ಜಾಗ ಇದೆ, ಒಪ್ಪಿದೆ.

ನನಗೆ ಜಾಸ್ತಿ ಹಿಡಿಸಿದ್ದು ಮೂರನೆಯದು. 2017ರಲ್ಲಿ ಶುರುವಾದ 'ಕೋ-ಇಂಪ್ಯಾಕ್ಟ್' ಎಂಬ ನಿಧಿ. ಹಲವು ಮನೆಗಳ ದುಡ್ಡು ಒಂದೇ ಹಂಡೆಗೆ. ನಿಲೇಕಣಿಯವರೂ ಮೊದಲಿಂದ ಇದರಲ್ಲಿದ್ದಾರೆ. ಒಂದೇ ತಂಡ ನೋಡಿ, ಅಳೆದು, ಹಲವು ವರ್ಷಕ್ಕೆ ಸಾಲುವಷ್ಟು ದೊಡ್ಡ ಮೊತ್ತ ಕೊಡುತ್ತದೆ. ಇವರು ಹಣ ಕೊಟ್ಟ ಒಂದು ಕೆಲಸ ನಿಮಗೆ ಖುಷಿ ಕೊಡಬಹುದು. ಮುಂಬೈಯ ಕೊಳೆಗೇರಿಗಳಲ್ಲಿ ಕೆಲಸ ಶುರು ಮಾಡಿದ ಪ್ರಥಮ್ ಸಂಸ್ಥೆ ಒಂದು ಪಾಠಕ್ರಮ ಬೆಳೆಸಿತು. ಮಗು ಯಾವ ಕ್ಲಾಸಿನಲ್ಲಿದೆ ಎಂದು ನೋಡುವುದಿಲ್ಲ, ಎಷ್ಟು ಓದಲು ಬರುತ್ತದೆ ಎಂದು ನೋಡಿ ಗುಂಪು ಮಾಡುತ್ತಾರೆ. ಅಕ್ಷರ ಹಿಡಿಯದವರು ಒಂದು ಕಡೆ, ಪದ ಓದುವವರು ಇನ್ನೊಂದು ಕಡೆ. ನಲಿ-ಕಲಿ ನೆನಪಾಯಿತಾ? ಈ ಕ್ರಮವನ್ನು ಆಫ್ರಿಕಾದ ಸರ್ಕಾರಿ ಶಾಲೆಗಳಿಗೆ ಒಯ್ಯಲು ಈ ಹಂಡೆಯ ದುಡ್ಡು ಹೋಯಿತು. ಇದರಲ್ಲಿ ಫೋಟೋಗೆ ಹಿಡಿಯುವಂಥ ಕಟ್ಟಡ ಯಾವುದೂ ಇಲ್ಲ. ಮೇಷ್ಟ್ರಿಗೆ ತರಬೇತಿ, ಮತ್ತೆ ತರಬೇತಿ, ವರ್ಷಗಟ್ಟಲೆ. ಒಂಟಿ ದಾನಿ ಇಂಥದ್ದಕ್ಕೆ ಬೇಗ ಬೇಸತ್ತು ಹೋಗುತ್ತಾನೆ.

ಬಫೆಟ್ ಅವರ ಬಗ್ಗೆ ಒಂದು ಮಾತು. 2006ರಲ್ಲಿ ಅವರು ತಮ್ಮ ಷೇರಿನ ಬಹುಪಾಲನ್ನು ಗೇಟ್ಸ್ ಫೌಂಡೇಷನ್‌ಗೆ ಕೊಡುವುದಾಗಿ ಹೇಳಿದರು. ಇನ್ನೊಬ್ಬರ ಹೆಸರಿನ ಸಂಸ್ಥೆಗೆ! ನಮ್ಮೂರಲ್ಲಿ ಯಾರಾದರೂ ಪಕ್ಕದ ಮನೆಯವರ ಹೆಸರಿನ ಕಲ್ಯಾಣ ಮಂಟಪಕ್ಕೆ ಅರ್ಧ ತೋಟ ಬರೆದುಕೊಡುತ್ತಾರಾ ಹೇಳಿ. 2024ರಲ್ಲಿ ಅವರ ಮನಸ್ಸು ಬದಲಾಯಿತು. ತಮ್ಮ ನಂತರ ಉಳಿದದ್ದು ಮೂವರು ಮಕ್ಕಳು ನೋಡಿಕೊಳ್ಳುವ ಟ್ರಸ್ಟಿಗೆ ಎಂದರು. ಕೂಡುಮನೆ ಎಂದ ಮೇಲೆ ಒಂದು ದಿನ ಹಿಸ್ಸೆ ಆಗುತ್ತದೆ, ಅಲ್ವಾ.

ಇನ್ನು ತೆರಿಗೆ. ರಿಯಾಯಿತಿ ಇರುವುದು ನಿಜ. ಆದರೆ ನೂರು ಕೊಟ್ಟು ಮೂವತ್ತು ಉಳಿಸಿದರೂ ಎಪ್ಪತ್ತು ಕೈಬಿಟ್ಟು ಹೋಗಿಯೇ ಹೋಗುತ್ತದೆ. ಬರೀ ಉಳಿಸುವವನು ಹಾಗೆ ಮಾಡುವುದಿಲ್ಲ. ನನ್ನ ತಕರಾರು ಬೇರೆ. ಆ ಮೂವತ್ತು ಸರ್ಕಾರಕ್ಕೆ ಬರಬೇಕಿದ್ದ ದುಡ್ಡು, ಅಂದರೆ ನಿಮ್ಮದು, ನನ್ನದು. ಹಾಗಾಗಿ ಲೆಕ್ಕ ಕೇಳುವ ಹಕ್ಕು ನಮಗೂ ಇದೆ.

ಈ ದಾನದಿಂದ ಲೋಕದ ಬಡತನ ಹೋಗಿಬಿಡುತ್ತದೆ ಎಂದು ನಾನು ಹೇಳುವುದಿಲ್ಲ. ಮಲೆನಾಡಿನವರಾಗಿ ಹಾಗೆ ಹೇಳಲೂಬಾರದು. ನಮ್ಮಲ್ಲಿ ಎಷ್ಟೋ ಮನೆಗಳ ಬಡತನ ಇಳಿದದ್ದು ಯಾರ ದಾನದಿಂದಲೂ ಅಲ್ಲ. 1951ರಲ್ಲಿ ಸಾಗರದ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತರು. 1974ರಲ್ಲಿ ದೇವರಾಜ ಅರಸರ ಕಾಲದ ಭೂಸುಧಾರಣೆ ಕಾನೂನು ಬಂತು. ಉಳುವವನಿಗೆ ಭೂಮಿ ಸಿಕ್ಕಿತು. (ನಿಮ್ಮೂರಿನ ಆ ಮೂರು ಮನೆಯವರು ಆಗ ಭೂಮಿ ಕಳೆದುಕೊಂಡವರೋ, ಪಡೆದವರೋ? ನೀವು ಬರೆದಿಲ್ಲ. ಗೊತ್ತಾದರೆ ಸಮಿತಿಯಲ್ಲಿ ಉಪಯೋಗಕ್ಕೆ ಬರುತ್ತದೆ.) ಶರಾವತಿ ಕೊಳ್ಳದ ಜನ ಲಿಂಗನಮಕ್ಕಿ ಅಣೆಕಟ್ಟಿಗಾಗಿ ಮನೆ, ಗದ್ದೆ ಬಿಟ್ಟುಕೊಟ್ಟರು. ನಾಡಿಗೆ ಬೆಳಕು ಬಂತು. ಅವರನ್ನು ದಾನಿಗಳು ಎಂದು ಯಾರೂ ಕರೆಯಲಿಲ್ಲ.

ದುಡ್ಡಿನ ಲೆಕ್ಕವೂ ಹಾಗೇ ಇದೆ. ಜಗತ್ತಿನ ದೊಡ್ಡ ಫೌಂಡೇಷನ್‌ಗಳಲ್ಲಿ ಒಂದಾದ ಗೇಟ್ಸ್ ಅವರದ್ದು ವರ್ಷಕ್ಕೆ ಖರ್ಚು ಮಾಡುವುದು ಸುಮಾರು 900 ಕೋಟಿ ಡಾಲರ್. ರೂಪಾಯಿಯಲ್ಲಿ 80 ಸಾವಿರ ಕೋಟಿಯ ಆಸುಪಾಸು. ನಮ್ಮ ರಾಜ್ಯದ 2025-26ರ ಬಜೆಟ್ 4 ಲಕ್ಷ ಕೋಟಿ ದಾಟಿತ್ತು. ಅವರದ್ದು ಇಡೀ ಲೋಕಕ್ಕೆ, ಇದು ಬರೀ ಕರ್ನಾಟಕಕ್ಕೆ.

ಹಾಗಾದರೆ ಸಿರಿವಂತರ ದುಡ್ಡು ಯಾತಕ್ಕೆ? ಸರ್ಕಾರ ಮಾಡದ್ದನ್ನು ಮೊದಲು ಮಾಡಿ ತೋರಿಸಲಿಕ್ಕೆ, ಅಂಗಡಿಯವನಿಗೆ ಲಾಭ ಕಾಣದ ಕಡೆ ಕೈ ಹಾಕಲಿಕ್ಕೆ. ಇದಕ್ಕೆ ದೂರದ ಉದಾಹರಣೆ ಬೇಡ. ಮಂಗನ ಕಾಯಿಲೆ ನಿಮಗೆ ಗೊತ್ತಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಜನಕ್ಕೂ ಜ್ವರ ಬಂತು. ಹಳದಿ ಜ್ವರ ನಮ್ಮ ದೇಶಕ್ಕೂ ಬಂತೇನೋ ಎಂದು ಮೊದಲು ಗಾಬರಿಯಾದರು. ಅದಲ್ಲ, ಇದು ಹೊಸ ವೈರಸ್, ಉಣುಗಿನಿಂದ ಹರಡುತ್ತದೆ ಎಂದು ಕಂಡುಹಿಡಿದದ್ದು ಪುಣೆಯ ವೈರಸ್ ಸಂಶೋಧನಾ ಕೇಂದ್ರ. ಆ ಕೇಂದ್ರ 1952ರಲ್ಲಿ ಶುರುವಾದದ್ದು ಹೇಗೆ ಗೊತ್ತಾ? ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಕ್‌ಫೆಲ್ಲರ್ ಫೌಂಡೇಷನ್ ಸೇರಿ. ಅಮೆರಿಕದ ಎಣ್ಣೆ ದುಡ್ಡು ಹೀಗೆ ಸೊರಬದ ಕಾಡಿಗೆ ಬಂದಿತ್ತು ಮೇಷ್ಟ್ರೇ, ನಮಗ್ಯಾರಿಗೂ ಗೊತ್ತಿಲ್ಲದ ಹಾಗೆ.

ಅದೇ ಕಾಯಿಲೆಯ ಇನ್ನೊಂದು ಮುಖವನ್ನೂ ನೋಡಿ. ಇಷ್ಟು ವರ್ಷವಾದರೂ ಅದು ಹೋಗಿಲ್ಲ. ಇದ್ದ ಲಸಿಕೆ ಸಾಕಷ್ಟು ಕೆಲಸ ಮಾಡುತ್ತಿಲ್ಲ ಎಂದು ಕೊಡುವುದನ್ನೇ ನಿಲ್ಲಿಸಿದರು. ಸೌದೆಗೆ, ತರಗೆಲೆಗೆ ಕಾಡಿಗೆ ಹೋಗುವವರಿಗೆ ಬರುವ ಕಾಯಿಲೆ. ರೋಗಿಗಳು ಕಮ್ಮಿ, ಅವರ ಜೇಬೂ ಖಾಲಿ. ಯಾವ ಕಂಪನಿ ತಾನಾಗಿಯೇ ಮುಂದೆ ಬರುತ್ತದೆ? ಆನೆಕಾಲು ರೋಗ, ಹೊಟ್ಟೆಹುಳದಂಥ ಬಡವರ ಕಾಯಿಲೆಗಳಿಗೆಂದೇ ಖಾಸಗಿ ದಾನಿಗಳ ದುಡ್ಡು ಕೂಡಿಸುವ 'ಎಂಡ್ ಫಂಡ್' 2012ರಲ್ಲಿ ಹುಟ್ಟಿದ್ದು ಇಂಥ ಲೆಕ್ಕದಿಂದಲೇ.

ನಮ್ಮ ಶಾಲೆಗಳ ಮೊಟ್ಟೆ ನೋಡಿ. ಸರ್ಕಾರ ವಾರಕ್ಕೆ ಎರಡು ದಿನ ಕೊಡುತ್ತಿತ್ತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ಮೂರು ವರ್ಷಕ್ಕೆ 1,500 ಕೋಟಿ ರೂಪಾಯಿ ಕೊಡಲು ಒಪ್ಪಿ, ಉಳಿದ ನಾಲ್ಕು ದಿನಕ್ಕೂ ಮೊಟ್ಟೆ ಬಂತು. ಅಡುಗೆ ಮನೆ ಸರ್ಕಾರದ್ದು, ತಟ್ಟೆ ಮಕ್ಕಳದ್ದು. ಒಳ್ಳೆಯ ಕೂಡಿಕೆ. ಮೂರು ವರ್ಷ ಮುಗಿದ ಮೇಲೆ ಮೊಟ್ಟೆ ಯಾರದು ಎಂಬ ಪ್ರಶ್ನೆಯನ್ನು ಮಾತ್ರ ಈಗಿಂದಲೇ ಕೇಳುತ್ತಿರಬೇಕು.

ಈಗ ನಿಮ್ಮ ಸಮಿತಿ. ಸೇರಿ. ಆದರೆ ಸುಮ್ನೆ ಸಹಿ ಹಾಕುವ ಹಿರಿಯರಾಗಿ ಬೇಡ.

ಮೂರು ಮನೆಯ ದುಡ್ಡೂ ಒಂದೇ ಖಾತೆಗೆ ಬರಲಿ. "ನಮ್ಮ ಪಾಲು ಇದಕ್ಕೇ" ಎಂದು ಯಾರೂ ಗೆರೆ ಹಾಕಬಾರದು. ಗದ್ದೆ ಕೆಲಸಕ್ಕೆ ಮುಯ್ಯಾಳು ಹೋದವರು ನಾನು ನೆಟ್ಟ ಸಾಲು ಇದು ಎಂದು ಗುರುತು ಹಾಕಿ ಬರುತ್ತಾರಾ? ಇನ್ನೊಂದು, ಮೊದಲ ಸಭೆಯನ್ನು ಯಾರದೋ ಜಗುಲಿಯಲ್ಲಿ ಮಾಡಬೇಡಿ. ಅಲ್ಲಿ ಕೂಲಿಗೆ ಬರುವವರು ಅಂಗಳದಲ್ಲೇ ನಿಲ್ಲುತ್ತಾರೆ, ಬಾಯಿ ಬಿಡುವುದಿಲ್ಲ. ಶಾಲೆಯಲ್ಲಿ ಮಾಡಿ. ಬಿಸಿಯೂಟದ ಅಡುಗೆಯವರು, ಆಶಾ ಕಾರ್ಯಕರ್ತೆ, ಕಾಲೋನಿಯ ಹೆಂಗಸರು ಬರಲಿ. ಏನು ಬೇಕು ಎಂದು ಅವರನ್ನು ಕೇಳಿ. ಮೂರು ಮನೆಯವರು ಆಮೇಲೆ ಎಷ್ಟು ಮಾತಾಡಿದರೂ ಸರಿ, ಆ ದಿನ ಬರೀ ಕೇಳಿಸಿಕೊಳ್ಳಲಿ. ಇದಕ್ಕೆ ಅವರು ಒಪ್ಪದಿದ್ದರೆ ನಿಮಗೆ ಮಂಡಿ ನೋವು ಎಂದು ಹೇಳಿ ತಪ್ಪಿಸಿಕೊಳ್ಳಿ. ನಮ್ಮ ವಯಸ್ಸಿಗೆ ಅದನ್ನು ಯಾರೂ ಅನುಮಾನಿಸುವುದಿಲ್ಲ.

ಕೇಳಿದ ಮೇಲೂ ಜನ ವಾಟರ್ ಫಿಲ್ಟರೇ ಬೇಕು ಎಂದರೆ ಹೊಸದು ಕೊಳ್ಳಬೇಡಿ, ನನಗೊಂದು ಫೋನ್ ಮಾಡಿ. ಎರಡು ಎಲ್ಲಿವೆ ಎಂದು ನನಗೆ ಗೊತ್ತು.