ಅಮೆರಿಕದ ಅಧ್ಯಕ್ಷರಾಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಪಾತ್ರವನ್ನು ರಂಗದಲ್ಲೂ ತೆರೆಯಲ್ಲೂ ನಿರ್ವಹಿಸಿದ ನಟ ಯಾರು? ಅದರಲ್ಲಿ ವಿಶೇಷವೇನು?

ರಾಲ್ಫ್ ಬೆಲ್ಲಮಿ. 1958ರಲ್ಲಿ ಬ್ರಾಡ್‌ವೇ ರಂಗಕ್ಕೆ ಬಂದ ‘ಸನ್‌ರೈಸ್ ಅಟ್ ಕ್ಯಾಂಪೊಬೆಲ್ಲೊ’ ನಾಟಕದ ಈ ಪಾತ್ರಕ್ಕೆ ಅವರಿಗೆ ರಂಗಭೂಮಿಯ ಟೋನಿ ಪ್ರಶಸ್ತಿ ಬಂತು. 1960ರ ಚಲನಚಿತ್ರದಲ್ಲೂ ಅವರೇ ರೂಸ್‌ವೆಲ್ಟ್.

ಈ ನಾಟಕ ಅಧ್ಯಕ್ಷ ಪದವಿಯ ವೈಭವದತ್ತ ಹೋಗುವುದೇ ಇಲ್ಲ. 1921ರಲ್ಲಿ, 39ನೆಯ ವಯಸ್ಸಿನಲ್ಲಿ, ಕಾಲುಗಳ ಬಲ ಕಳೆದುಕೊಂಡ ಮನುಷ್ಯ 1924ರ ಡೆಮಾಕ್ರಟಿಕ್ ಪಕ್ಷದ ಸಮಾವೇಶದಲ್ಲಿ ಅಧ್ಯಕ್ಷ ಅಭ್ಯರ್ಥಿಯಾಗಿ ಆಲ್ ಸ್ಮಿತ್ ಹೆಸರು ಸೂಚಿಸಲು ಎದ್ದು ನಿಲ್ಲುವವರೆಗಿನ ಕಥೆ ಅದು. ಹಾಗಾಗಿ ದನಿಯ ಅನುಕರಣೆ ಇಲ್ಲಿ ಸಣ್ಣ ಸಂಗತಿ. ಗಾಲಿಕುರ್ಚಿ, ಊರುಗೋಲು, ಕಾಲಿಗೆ ಬಿಗಿದ ಉಕ್ಕಿನ ಪಟ್ಟಿಗಳು ಇವೇ ನಿಜವಾದ ಅಭಿನಯದ ಸಾಮಗ್ರಿ. ಆರೋಗ್ಯವಂತ ನಟನೊಬ್ಬ ತನ್ನ ಕಾಲುಗಳನ್ನು ಮರೆತಂತೆ ಇಡೀ ಸಂಜೆ ರಂಗದ ಮೇಲಿರುವುದು ನನ್ನ ದೃಷ್ಟಿಯಲ್ಲಿ ಅಸಾಮಾನ್ಯ ಸಾಧನೆ.

ಎರಡು ದಶಕ ಕಳೆದ ಮೇಲೆ, 1983ರ ‘ದಿ ವಿಂಡ್ಸ್ ಆಫ್ ವಾರ್’ ಕಿರುತೆರೆ ಸರಣಿಯಲ್ಲಿ ಯುದ್ಧಕಾಲದ ಅಧ್ಯಕ್ಷನಾಗಿಯೂ ಬೆಲ್ಲಮಿಯೇ ನಟಿಸಿದರು.