ವೈಫೈ ನಿಮ್ಮದು, ಅದರ ಪಾಸ್‌ವರ್ಡ್ ಯಾರ ಹತ್ತಿರ ಇದೆ?

ಈ ಸಲ ಬಂದ ಪತ್ರಗಳಲ್ಲಿ ರೌಟರ್ ಬಗ್ಗೆ ಕೇಳಿದವರೇ ಜಾಸ್ತಿ. ಮುಂಬಯಿ, ಪುಣೆ, ಗೋವಾ ಮೂರೂ ಕಡೆಯಿಂದ ಬಂದಿವೆ. ಹೆಚ್ಚಿನವರ ಪ್ರಶ್ನೆ ಒಂದೇ: 'ಕೇಬಲ್‌ನವನು ಹೀಗೆ ಹೇಳ್ತಾನೆ, ನಿಜವಾ?' ಅದನ್ನು ನೀವೇ ನೋಡಿ ತಿಳಿದುಕೊಳ್ಳಬಹುದು. ಮನೆಯ ರೌಟರಿನ ಒಳಗೆ ಏನಿದೆ ಅಂತ ಅದನ್ನು ಹಾಕಿಕೊಟ್ಟ ಹುಡುಗನಿಗೆ ಗೊತ್ತು, ಬಿಲ್ ಕಟ್ಟುವ ನಮಗೆ ಗೊತ್ತಿಲ್ಲ. ಇದು ಬದಲಾಗಬೇಕು ಅಂತ ನನ್ನ ಆಸೆ, ಅದಕ್ಕೇ ಉತ್ತರ ಸ್ವಲ್ಪ ಉದ್ದವಾಗಿವೆ.

ಪ್ರಶ್ನೆ: ಮಗ ಕೆಲಸಕ್ಕೆ ಬೆಂಗಳೂರಿಗೆ ಹೋದ ಮೇಲೆ ಮನೆಯಲ್ಲಿ ನಾನು, ನಮ್ಮವರು ಇಬ್ಬರೇ. ನೆಟ್ ನಿಧಾನ ಅಂತ ಫೋನ್ ಮಾಡಿದರೆ ಕೇಬಲ್‌ನ ಹುಡುಗ, 'ಕಾಕೂ, ನಿಮ್ಮ ವೈಫೈ ಬೇರೆ ಯಾರೋ ಬಳಸ್ತಿದ್ದಾರೆ' ಅಂತಾನೆ. ಪಕ್ಕದ ಫ್ಲ್ಯಾಟಿನ ಹುಡುಗ ಬಂದು ಫೋನಿನಲ್ಲಿ ತೆಗೆದು ತೋರಿಸಿದ, ಹನ್ನೊಂದು ಹೆಸರು ಇತ್ತು! ನಮ್ಮಲ್ಲಿರೋದು ಎರಡು ಫೋನು, ಒಂದು ಟಿವಿ. ಪೊಲೀಸರಿಗೆ ಹೇಳಬೇಕಾ?
(ಓದುಗರು, ಡೊಂಬಿವಲಿ ಪೂರ್ವ)

ಹೆದರಬೇಡಿ ಅಕ್ಕಾ. ಹನ್ನೊಂದು ಹೆಸರು ಅಂದರೆ ಹನ್ನೊಂದು ಜನ ಅಲ್ಲ.

ವೈಫೈಗೆ ಸೇರುವ ಪ್ರತಿಯೊಂದು ಸಾಧನಕ್ಕೂ ಮ್ಯಾಕ್ ವಿಳಾಸ ಅಂತ ಒಂದು ಗುರುತು ಇರುತ್ತದೆ. ಮೊದಲೆಲ್ಲ ಒಂದು ಫೋನಿಗೆ ಒಂದೇ ವಿಳಾಸ. 2019ರ ಆಂಡ್ರಾಯ್ಡ್ 10, 2020ರ ಐಓಎಸ್ 14 ಬಂದ ಮೇಲೆ ಹಾಗಿಲ್ಲ. ಯಾರೂ ನಮ್ಮನ್ನು ಹಿಂಬಾಲಿಸಬಾರದು ಅಂತ ಫೋನು ಒಂದೊಂದು ವೈಫೈ ಹೆಸರಿಗೆ ಒಂದೊಂದು ಕಟ್ಟಿದ ವಿಳಾಸ ಕೊಡುತ್ತದೆ. ನಿಮ್ಮ ರೌಟರಿನಲ್ಲಿ ಎರಡು ವೈಫೈ ಹೆಸರು ಇದ್ದು, ನೀವು ಒಮ್ಮೆ ಇದಕ್ಕೆ ಒಮ್ಮೆ ಅದಕ್ಕೆ ಸೇರಿಕೊಂಡಿದ್ದರೆ ಒಂದೇ ಫೋನು ಪಟ್ಟಿಯಲ್ಲಿ ಎರಡು ಸಲ ಕಾಣಬಹುದು. ವಿಳಾಸದ ಎರಡನೇ ಅಕ್ಷರ 2, 6, ಎ ಅಥವಾ ಇ ಆಗಿದ್ದರೆ ಅದು ಹೀಗೆ ಕಟ್ಟಿದ ವಿಳಾಸವೇ ಇರಬೇಕು. ಇನ್ನು ಕೆಲವು ರೌಟರ್‌ಗಳು ಹಳೆಯ ಹೆಸರನ್ನು ಬೇಗ ಅಳಿಸುವುದಿಲ್ಲ. ರಜೆಗೆ ಬಂದ ಮಗನ ಫೋನು, ಲ್ಯಾಪ್‌ಟಾಪು, ಅವನ ಸ್ನೇಹಿತರ ಫೋನು ಎಲ್ಲ ಅಲ್ಲೇ ಕೂತಿರುತ್ತವೆ. ಸೆಟ್‌ಟಾಪ್ ಬಾಕ್ಸ್, ಮಗ ಹಾಕಿಸಿದ ಬಣ್ಣದ ಬಲ್ಬು ಇದ್ದರೆ ಅವೂ ಲೆಕ್ಕಕ್ಕೆ ಬರುತ್ತವೆ. 'ಎಸ್ಪ್ರೆಸಿಫ್' ಅಂತ ವಿಚಿತ್ರ ಹೆಸರು ಕಂಡರೆ ಗಾಬರಿ ಬೇಡ, ಅದು ಬಲ್ಬು, ಪ್ಲಗ್‌ಗಳ ಒಳಗಿನ ಚಿಪ್ ಮಾಡುವ ಕಂಪನಿ.

ಹಾಗಂತ ಬೇರೆಯವರು ಇಲ್ಲವೇ ಇಲ್ಲ ಅಂತಲೂ ಹೇಳಲಾಗದು. ಖಾತ್ರಿ ಮಾಡಿಕೊಳ್ಳುವ ದಾರಿ ಸುಲಭ. ಪಕ್ಕದ ಮನೆ ಹುಡುಗ ಬೇಡ, ನೀವೇ ಮಾಡಿ.

ಫೋನಿನ ಸೆಟ್ಟಿಂಗ್ಸ್‌ನಲ್ಲಿ ವೈಫೈಗೆ ಹೋಗಿ, ನಿಮ್ಮ ವೈಫೈ ಹೆಸರಿನ ಪಕ್ಕದ ಚಿಹ್ನೆ ಒತ್ತಿ. ಅಲ್ಲಿ 'ಗೇಟ್‌ವೇ' ಅಂತ, ಐಫೋನಾದರೆ 'ರೌಟರ್' ಅಂತ, 192.168ರಿಂದ ಶುರುವಾಗುವ ಸಂಖ್ಯೆ ಇರುತ್ತದೆ. 192.168.1.1 ಅಥವಾ 192.168.0.1 ಸಾಮಾನ್ಯ, ಬೇರೆಯೂ ಇರಬಹುದು. ಅದನ್ನು ಬ್ರೌಸರಿನ ಮೇಲಿನ ಪಟ್ಟಿಯಲ್ಲಿ ಟೈಪ್ ಮಾಡಿ. ಗೂಗಲ್ ಹುಡುಕಾಟದ ಪುಟ ಬಂದುಬಿಟ್ಟರೆ ಅಲ್ಲಿನ ಯಾವ ಲಿಂಕನ್ನೂ ಒತ್ತಬೇಡಿ, ಯಾವ 'ಕಸ್ಟಮರ್ ಕೇರ್' ನಂಬರಿಗೂ ಫೋನ್ ಮಾಡಬೇಡಿ. ಸಂಖ್ಯೆಯ ಕೊನೆಗೆ ಒಂದು ಓರೆಗೆರೆ ಸೇರಿಸಿ ಮತ್ತೆ ಒತ್ತಿ. 'ಸುರಕ್ಷಿತವಲ್ಲ' ಅಂತ ಬ್ರೌಸರ್ ಎಚ್ಚರಿಸಬಹುದು. ಈ ಪುಟ ನಿಮ್ಮ ಮನೆಯ ಪೆಟ್ಟಿಗೆಯಿಂದಲೇ ಬರುತ್ತಿರುವುದು, ಮುಂದುವರಿಯಿರಿ.

ಈಗ ಹೆಸರು, ಪಾಸ್‌ವರ್ಡ್ ಕೇಳುತ್ತದೆ. ಇಲ್ಲಿ ಎಲ್ಲರಿಗೂ ಗೊಂದಲ. ಇದು ವೈಫೈ ಪಾಸ್‌ವರ್ಡ್ ಅಲ್ಲ, ರೌಟರಿನ ಅಡ್ಮಿನ್ ಪಾಸ್‌ವರ್ಡ್. ಒಂದು ಮನೆಗೆ ಬರುವವರಿಗೆ ಕೊಡುವ ಬಾಗಿಲ ಕೀಲಿ ಆದರೆ, ಇನ್ನೊಂದು ಬೀಗವನ್ನೇ ಬದಲಿಸುವ ಅಧಿಕಾರ. ರೌಟರಿನ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಬರೆದಿರುತ್ತದೆ. ಅಡ್ಮಿನ್, ಅಡ್ಮಿನ್ ಅಂತ ಎರಡು ಸಲ ಹಾಕಿದರೆ ತೆರೆದುಕೊಂಡಿತಾ? ಹಾಗಾದರೆ ಬೇರೆ ಏನು ನೋಡುವ ಮೊದಲು ಅದನ್ನೇ ಬದಲಿಸಿ, ಯಾಕೆಂದರೆ ನಿಮ್ಮ ವೈಫೈಗೆ ಸೇರಿದ ಯಾರು ಬೇಕಾದರೂ ಅದೇ ಎರಡು ಪದದಿಂದ ಒಳಗೆ ಹೋಗಿ, ಎಲ್ಲವನ್ನೂ ತಿದ್ದಿ, ನಿಮ್ಮನ್ನೇ ಹೊರಗೆ ಹಾಕಬಹುದು.

ಆಮೇಲೆ ವೈಫೈ ಪಾಸ್‌ವರ್ಡ್ ಬದಲಿಸಿ. ಆ ಕ್ಷಣ ಎಲ್ಲರ ಸಂಪರ್ಕವೂ ತಪ್ಪುತ್ತದೆ. ನಿಮ್ಮ ಎರಡು ಫೋನು, ಟಿವಿ, ಉಳಿದ ನಿಮ್ಮ ಸಾಮಾನುಗಳನ್ನು ಮಾತ್ರ ಮತ್ತೆ ಸೇರಿಸಿಕೊಳ್ಳಿ. ಮನೆ ನಂಬರು, ಮೊಬೈಲ್ ನಂಬರು ಪಾಸ್‌ವರ್ಡ್ ಆಗಿ ಬೇಡ. ನೀವು ವೈಫೈಗೆ ಸೇರುವಾಗ ಹೋಗುವ ಸಂದೇಶವನ್ನು ಹೊರಗಿನಿಂದ ಹಿಡಿದಿಟ್ಟುಕೊಂಡವರು, ಆಮೇಲೆ ತಮ್ಮ ಕಂಪ್ಯೂಟರಿನಲ್ಲಿ ಹತ್ತಂಕಿಯ ನಂಬರುಗಳನ್ನು ಒಂದೊಂದಾಗಿ ಹಾಕಿ ನೋಡಬಹುದು, ಅದಕ್ಕೆ ಜಾಸ್ತಿ ಹೊತ್ತು ಬೇಡ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಪದ ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ, ನಡುವೆ ಅಂಕಿ ಹಾಕಿ. 63 ಅಕ್ಷರದವರೆಗೂ ಜಾಗ ಇದೆ. ಅದೇ ಪುಟದಲ್ಲಿ ಭದ್ರತೆಯ ಬಗೆ ಅಂತ ಇರುತ್ತದೆ. ಡಬ್ಲ್ಯುಪಿಎ2, ಎಇಎಸ್ ಇರಲಿ, ಡಬ್ಲ್ಯುಪಿಎ3 ಜೊತೆಗೆ ಸಿಕ್ಕರೆ ಇನ್ನೂ ಒಳ್ಳೆಯದು. 'ಟಿಕೆಐಪಿ' ಅಂತ ಇದ್ದರೆ ಬದಲಿಸಿ. ಅದು ಹಳೆಯದು, ಸಾಲದ್ದಕ್ಕೆ ವೈಫೈ ವೇಗವನ್ನು 54 ಎಂಬಿಪಿಎಸ್‌ಗೆ ಕಟ್ಟಿಹಾಕುತ್ತದೆ.

ಕೊನೆಗೆ ಡಬ್ಲ್ಯುಪಿಎಸ್ ಆಫ್ ಮಾಡಿ. ಇದನ್ನು ಬಿಡಬೇಡಿ. ಬಟನ್ ಒತ್ತಿ ಅಥವಾ ಎಂಟಂಕಿಯ ಪಿನ್ ಹಾಕಿ ಸೇರಿಕೊಳ್ಳುವ ಸೌಲಭ್ಯ ಅದು. ಎಂಟಂಕಿ ಅಂದರೆ ಹತ್ತು ಕೋಟಿ ಬಗೆ ಅಲ್ವಾ ಅನಿಸುತ್ತದೆ. ಆದರೆ ಮೊದಲ ನಾಲ್ಕಂಕಿ ಸರಿಯೋ ತಪ್ಪೋ ಅಂತ ರೌಟರ್ ಬೇರೆಯಾಗಿಯೇ ಹೇಳಿಬಿಡುತ್ತದೆ, ಎಂಟನೆಯ ಅಂಕಿ ಉಳಿದ ಏಳರಿಂದ ಲೆಕ್ಕ ಹಾಕಿ ಬರುವಂಥದ್ದು. ಹಾಗಾಗಿ ಹೆಚ್ಚೆಂದರೆ 11,000 ಸಲ ಪ್ರಯತ್ನಿಸಿದರೆ ಸಾಕು. 2011ರ ಕೊನೆಯಲ್ಲಿ ಈ ದೋಷ ಬಯಲಾಯಿತು. ಆಮೇಲೆ ಬಂದ ಹಲವು ರೌಟರ್‌ಗಳು ತಪ್ಪು ಪಿನ್ ಜಾಸ್ತಿ ಬಿದ್ದರೆ ತಡೆಯುತ್ತವೆ, ಆದರೂ ಬೇಡದ ಬಾಗಿಲು ಮುಚ್ಚಿರಲಿ.

ಇಷ್ಟಾದ ಮೇಲೂ ಗುರುತಿಲ್ಲದ ಹೆಸರು ಬಂದರೆ ಮನೆಯ ಒಂದೊಂದೇ ಸಾಮಾನು ಆಫ್ ಮಾಡುತ್ತಾ ರೌಟರ್ ಪುಟದಲ್ಲಿರುವ, ಸೇರಿಕೊಂಡ ಸಾಧನಗಳ ಪಟ್ಟಿ ನೋಡಿ. ಪೊಲೀಸರ ಮಾತು ಈಗ ಬೇಡ.

ಪ್ರಶ್ನೆ: ವಾಕಡ್‌ನಲ್ಲಿ ಬಾಡಿಗೆ ಫ್ಲ್ಯಾಟ್. 200 ಎಂಬಿಪಿಎಸ್ ಪ್ಲ್ಯಾನಿಗೆ ದುಡ್ಡು ಕಟ್ಟುತ್ತೇನೆ. ರೌಟರ್ ಪಕ್ಕದಲ್ಲೇ ಕೂತರೂ 94ರ ಮೇಲೆ ಒಂದು ದಿನವೂ ಹೋಗಿಲ್ಲ, ಬೆಡ್‌ರೂಮಿನಲ್ಲಂತೂ 15. ಹೊಸ ರೌಟರ್ ತಗೊಳ್ಳಿ ಅಂತಾರೆ. ತಗೊಳ್ಳಲಾ?
(ಓದುಗರು, ಪುಣೆ)

ಸ್ವಲ್ಪ ತಾಳಿ. ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಸಮಸ್ಯೆ ಇವೆ.

94 ಅನ್ನುವ ಸಂಖ್ಯೆಯೇ ಸುಳಿವು. ನೂರು ಎಂಬಿಪಿಎಸ್‌ನ ಪೋರ್ಟ್‌ನಿಂದ, ಜೊತೆಗೆ ಹೋಗುವ ವಿಳಾಸ ವಗೈರೆ ಕಳೆದು, ನಮ್ಮ ಕೈಗೆ ಸಿಗುವುದು ಸುಮಾರು 94. ಅಂದರೆ ದಾರಿಯಲ್ಲಿ ಎಲ್ಲೋ ಒಂದು ಕಡೆ ನೂರರ ಕೊಂಡಿ ಇದೆ. ರೌಟರ್ ಪುಟದಲ್ಲಿ ವ್ಯಾನ್ ಪೋರ್ಟಿನ (ಹೊರಗಿನ ಇಂಟರ್‌ನೆಟ್ ತಂತಿ ಸಿಕ್ಕಿಸುವ ಕಿಂಡಿಯ) ವೇಗ 100 ಅಂತ ಇದೆಯೋ 1000 ಅಂತ ಇದೆಯೋ ನೋಡಿ. ರೌಟರ್ ಡಬ್ಬದ ಮೇಲೆ 1200 ಅಂತ ದೊಡ್ಡದಾಗಿ ಬರೆದಿದ್ದರೂ ಒಳಗೆ ನೂರರ ಪೋರ್ಟ್ ಇರುವ ಅಗ್ಗದ ಮಾಡೆಲ್‌ಗಳು ಬೇಕಾದಷ್ಟಿವೆ. ಹಾಗಿದ್ದರೆ ರೌಟರ್ ಬದಲಿಸಲೇಬೇಕು. ಆದರೆ ಪೋರ್ಟ್ ಗಿಗಾಬಿಟ್, ಅಂದರೆ ಸಾವಿರದ್ದು, ಆಗಿದ್ದೂ 100 ತೋರಿಸುತ್ತಿದ್ದರೆ ಮೊದಲು ತಂತಿ ಬದಲಿಸಿ. ನೂರಕ್ಕೆ ಒಳಗಿನ ನಾಲ್ಕು ಎಳೆ ಸಾಕು, ಸಾವಿರಕ್ಕೆ ಎಂಟೂ ಬೇಕು. ಆ ಹೆಚ್ಚಿನ ನಾಲ್ಕರಲ್ಲಿ ಒಂದು ಎಳೆ ತುಂಡಾಗಿದ್ದರೂ ಅದು ಸುಮ್ನೆ ನೂರಕ್ಕೆ ಇಳಿದು ಕೂರುತ್ತದೆ, ಯಾವ ಎಚ್ಚರಿಕೆಯೂ ಬರುವುದಿಲ್ಲ. ತಂತಿಯ ದುಡ್ಡಲ್ಲಿ ಕೆಲಸ ಆಗುವುದಾದರೆ ರೌಟರ್ ಯಾಕೆ?

ಬೆಡ್‌ರೂಮಿನ ಕತೆ ಬೇರೆ. ವೈಫೈ ತರಂಗ ಸಾಮಾನ್ಯವಾಗಿ ಎರಡು ಬಗೆ, 2.4 ಮತ್ತು 5 ಗಿಗಾಹರ್ಟ್ಸ್; ಅಲ್ಲಿ ನಿಮ್ಮ ಫೋನು ಬಹುಶಃ 2.4ರಲ್ಲಿದೆ. ಅದು ಗೋಡೆ ದಾಟುತ್ತದೆ, ಆದರೆ ಜಾಗ ಕಡಿಮೆ. ಅದರಲ್ಲಿ ಒಂದಕ್ಕೊಂದು ತಾಗದ ಚಾನೆಲ್ ಮೂರೇ: 1, 6, 11. ವಾಕಡ್‌ನ ಟವರ್‌ಗಳಲ್ಲಿ ಮೇಲೆ, ಕೆಳಗೆ, ಅಕ್ಕಪಕ್ಕದ ಮನೆಗಳ ವೈಫೈ ಎಲ್ಲ ಆ ಮೂರರಲ್ಲೇ ಕಿತ್ತಾಡುತ್ತವೆ. ಫೋನಿನಲ್ಲಿ ವೈಫೈ ಅನಲೈಸರ್ ಆಪ್ ಹಾಕಿಕೊಂಡು ಖಾಲಿ ಇರುವ ಚಾನೆಲ್ ನೋಡಿ ಅದನ್ನೇ ಇಡಿ. 3, 4, 8 ಇಂಥವು ಬೇಡ, ಎರಡೂ ಕಡೆಯ ಗಲಾಟೆ ಕೇಳಬೇಕಾಗುತ್ತದೆ. ಚಾನೆಲ್ ಅಗಲ 20 ಮೆಗಾಹರ್ಟ್ಸ್ ಇರಲಿ. 40 ಇಟ್ಟರೆ ಜಾಸ್ತಿ ವೇಗ ಅಂತ ಕಾಣುತ್ತದೆ, ಇಷ್ಟು ಮನೆಗಳ ನಡುವೆ ಅದು ನಿಮಗೂ ತೊಂದರೆ, ನೆರೆಯವರಿಗೂ ತೊಂದರೆ. ಫೋನು, ಲ್ಯಾಪ್‌ಟಾಪನ್ನು 5 ಗಿಗಾಹರ್ಟ್ಸ್‌ಗೆ ಸೇರಿಸಿ. ಅದರಲ್ಲಿ ಚಾನೆಲ್ ಜಾಸ್ತಿ, ಆದರೆ ಕಾಂಕ್ರೀಟ್ ಗೋಡೆ ಅಂದರೆ ಬೇಗ ಸೋಲುತ್ತದೆ. ಹಾಗಾಗಿ ರೌಟರನ್ನು ಟಿವಿ ಕಪಾಟಿನ ಒಳಗಿನಿಂದ ತೆಗೆದು, ಬೆಡ್‌ರೂಮಿನ ಬಾಗಿಲು ಕಾಣುವಂಥ ಎತ್ತರದ ಜಾಗದಲ್ಲಿಡಿ. ಮನೆ ಬಾಡಿಗೆಯದು ಅಂತ ಮೊಳೆ ಹೊಡೆಯಲು ಆಗದಿದ್ದರೆ ಪುಸ್ತಕದ ಶೆಲ್ಫಿನ ಮೇಲಾದರೂ ಇಡಬಹುದು.

ಪ್ರಶ್ನೆ: ಮಡಗಾಂವ್‌ನಲ್ಲಿ ನಮ್ಮದು ಸಣ್ಣ ಉಡುಪಿ ಹೋಟೆಲು, ಮನೆ ಅದರ ಮೇಲೆಯೇ. ಒಂದೇ ವೈಫೈ. ಗಿರಾಕಿಗಳು ಕೇಳಿದಾಗ ಇಲ್ಲ ಅನ್ನೋಕಾಗಲ್ಲ, ಟೂರಿಸ್ಟ್‌ಗಳಂತೂ ಕೂತ ತಕ್ಷಣ ಪಾಸ್‌ವರ್ಡ್ ಕೇಳ್ತಾರೆ. ತೊಂದರೆ ಇದೆಯಾ?
(ಓದುಗರು, ಗೋವಾ)

ಇದೆ ಅಣ್ಣಾ. ಬಿಲ್ಲಿಂಗ್ ಕಂಪ್ಯೂಟರು, ಪ್ರಿಂಟರು, ಸಿಸಿಟಿವಿ, ಮೇಲೆ ಮಕ್ಕಳ ಲ್ಯಾಪ್‌ಟಾಪು, ಎಲ್ಲವೂ ಅದೇ ವೈಫೈಯಲ್ಲಿ ಇದ್ದರೆ ಚಹಾ ಕುಡಿಯಲು ಬಂದವರಿಗೂ ಅವೆಲ್ಲ ಸಿಗುತ್ತವೆ. ಈಗಿನ ಬಹುತೇಕ ರೌಟರ್‌ಗಳಲ್ಲಿ 'ಗೆಸ್ಟ್ ನೆಟ್‌ವರ್ಕ್' ಇದೆ. ಅದನ್ನು ಆನ್ ಮಾಡಿ, ಹೋಟೆಲಿನ ಹೆಸರಿಡಿ, ಬೇರೆ ಪಾಸ್‌ವರ್ಡ್ ಕೊಡಿ. ಅತಿಥಿಗಳು ಮನೆಯ ನೆಟ್‌ವರ್ಕ್ ನೋಡಬಹುದು ಅನ್ನುವ ಆಯ್ಕೆಗೆ ಟಿಕ್ ಇದ್ದರೆ ತೆಗೆಯಿರಿ. 'ಐಸೊಲೇಶನ್' ಅಂತ ಇದ್ದರೆ ಆನ್ ಮಾಡಿ, ಆಗ ಒಬ್ಬ ಗಿರಾಕಿಯ ಫೋನು ಇನ್ನೊಬ್ಬರದ್ದನ್ನು ತಲುಪುವುದಿಲ್ಲ. ವೇಗಕ್ಕೆ ಮಿತಿ ಹಾಕುವ ಸೌಲಭ್ಯ ಇದ್ದರೆ ಅದನ್ನೂ ಬಳಸಿ, ಮಧ್ಯಾಹ್ನದ ರಶ್ಶಿನಲ್ಲಿ ಯುಪಿಐ ಸಿಕ್ಕಿಹಾಕಿಕೊಳ್ಳಬಾರದು.

ಸಿಸಿಟಿವಿ ಬಗ್ಗೆ ಒಂದು ಮಾತು. ಅದರ ಮೂಲ ಪಾಸ್‌ವರ್ಡ್ ಇವತ್ತೇ ಬದಲಿಸಿ. 2016ರಲ್ಲಿ ಮಿರಾಯ್ ಅನ್ನುವ ಕುತಂತ್ರಾಂಶ, ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್ ಬದಲಿಸದೆ ಬಿಟ್ಟ ಕ್ಯಾಮೆರಾ, ರೌಟರ್‌ಗಳನ್ನೇ ಲಕ್ಷಗಟ್ಟಲೆ ವಶಮಾಡಿಕೊಂಡು ದೊಡ್ಡ ದೊಡ್ಡ ತಾಣಗಳನ್ನು ಮಲಗಿಸಿತ್ತು. ಆ ಕ್ಯಾಮೆರಾಗಳ ಮಾಲೀಕರು ಬಹುಪಾಲು ನಿಮ್ಮಂಥ, ನನ್ನಂಥ ಜನರೇ. ರೌಟರಿನಲ್ಲಿ 'ರಿಮೋಟ್ ಮ್ಯಾನೇಜ್‌ಮೆಂಟ್', ಅಂದರೆ ಹೊರಗಿನಿಂದ ರೌಟರಿನ ಒಳಗೆ ಹೋಗುವ ದಾರಿ, ಆಫ್ ಇರಲಿ.

ಪ್ರಶ್ನೆ: ಮನೆಯ ವೈಫೈಯಲ್ಲಿ ಯಾವ ಸೈಟ್ ತೆರೆದರೂ ನಡುವೆ ಜೂಜಿನ ಜಾಹೀರಾತಿನ ಪುಟ ಹಾರಿ ಬರುತ್ತದೆ. ನನ್ನ ಫೋನು, ಹೆಂಡತಿ ಫೋನು, ಲ್ಯಾಪ್‌ಟಾಪು ಮೂರರಲ್ಲೂ. ಮೊಬೈಲ್ ಡೇಟಾದಲ್ಲಿ ಏನೂ ಇಲ್ಲ.
(ಓದುಗರು, ವಾಶಿ, ನವಿ ಮುಂಬಯಿ)

ಮೂರರಲ್ಲೂ ಬರುತ್ತದೆ, ಡೇಟಾದಲ್ಲಿ ಬರುವುದಿಲ್ಲ ಅಂತ ನೀವೇ ಪರೀಕ್ಷೆ ಮಾಡಿ ನೋಡಿದ್ದೀರಿ, ಬಹಳ ಒಳ್ಳೆಯದಾಯಿತು. ದೋಷ ಫೋನಿನಲ್ಲಿಲ್ಲ. ರೌಟರಿನ ಡಿಎನ್‌ಎಸ್ ನೋಡಿ. ಸೈಟಿನ ಹೆಸರು ಹೇಳಿದರೆ ಅದರ ಸಂಖ್ಯೆ ಹೇಳುವ ಸರ್ವರ್ ಅದು. ಅದನ್ನು ಯಾರಾದರೂ ಬದಲಿಸಿದ್ದರೆ ನೀವು ಸರಿಯಾದ ಹೆಸರು ಟೈಪ್ ಮಾಡಿದರೂ ಬೇರೆ ಕಡೆ ಹೋಗಬಹುದು. ಬ್ಯಾಂಕಿನ ಕೆಲಸವನ್ನು ಇದು ಸರಿಹೋಗುವವರೆಗೆ ಮೊಬೈಲ್ ಡೇಟಾದಲ್ಲೇ ಮಾಡಿ.

ಡಿಎನ್‌ಎಸ್ ಎರಡು ಕಡೆ ಇರುತ್ತದೆ: ವ್ಯಾನ್ ಪುಟದಲ್ಲಿ ಒಂದು, ಮನೆಯ ಸಾಧನಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿ ಪುಟದಲ್ಲಿ ಇನ್ನೊಂದು. ಎರಡನ್ನೂ ನೋಡಿ. ಅಲ್ಲಿರುವ ಸಂಖ್ಯೆ ತಮ್ಮದೇನಾ ಅಂತ ನಿಮ್ಮ ಇಂಟರ್‌ನೆಟ್‌ನವರನ್ನು ಕೇಳಿ. ಅಲ್ಲ ಅಂದರೆ, ಅಥವಾ ಉತ್ತರವೇ ಕೊಡದಿದ್ದರೆ, ಗೂಗಲಿನ 8.8.8.8 ಅಥವಾ ಕ್ಲೌಡ್‌ಫ್ಲೇರಿನ 1.1.1.1 ಹಾಕಿ. ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಫರ್ಮ್‌ವೇರ್ (ರೌಟರಿನ ಒಳಗಿನ ತಂತ್ರಾಂಶ) ಅಪ್‌ಡೇಟ್ ಮಾಡಿ, ಆಮೇಲೆ ರೌಟರನ್ನೂ ಫೋನುಗಳನ್ನೂ ಆಫ್ ಮಾಡಿ ಆನ್ ಮಾಡಿ. ಇದು ಹೊಸ ಉಪಾಯವಲ್ಲ. ಡಿಎನ್‌ಎಸ್ ಬದಲಿಸಿ ಜಾಹೀರಾತಿನ ದುಡ್ಡು ಹೊಡೆಯುತ್ತಿದ್ದ ಒಂದು ದೊಡ್ಡ ಗುಂಪನ್ನು 2011ರಲ್ಲೇ ಅಮೆರಿಕದ ಎಫ್‌ಬಿಐ ಹಿಡಿಸಿತ್ತು. ಕೆಲವು ದಿನದಲ್ಲಿ ಡಿಎನ್‌ಎಸ್ ಮತ್ತೆ ತಾನಾಗಿ ಬದಲಾದರೆ ಆ ರೌಟರನ್ನು ಇಟ್ಟುಕೊಳ್ಳಬೇಡಿ.

ಪ್ರಶ್ನೆ: ಏನೇ ತೊಂದರೆ ಬಂದರೂ ರೌಟರಿನ ಹಿಂದಿನ ಸಣ್ಣ ತೂತಿಗೆ ಪಿನ್ ಹಾಕಿ ಒತ್ತಿದರೆ ಸರಿಹೋಗುತ್ತೆ ಅಂತಾರಲ್ಲ?
(ಓದುಗರು, ಮುಲುಂಡ್)

ಒತ್ತುವ ಮೊದಲು ನಿಲ್ಲಿ! ಆಫ್ ಮಾಡಿ ಆನ್ ಮಾಡುವುದು ಬೇರೆ, ಅದರಿಂದ ಏನೂ ಅಳಿಯುವುದಿಲ್ಲ. ಆ ತೂತಿನ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದರೆ ಒಳಗಿರುವುದೆಲ್ಲ ಅಳಿಸಿಹೋಗಿ ಕಾರ್ಖಾನೆಯಿಂದ ಬಂದ ಸ್ಥಿತಿಗೆ ಹೋಗುತ್ತದೆ. ಮುಂಬಯಿಯ ಬಹಳ ಕಡೆ ಕೇಬಲ್‌ನವರು ಕೊಡುವ ಲೈನು ಪಿಪಿಪಿಓಇ ಅನ್ನುವ ಬಗೆಯದು, ಅದಕ್ಕೆ ಬೇರೆಯೇ ಯೂಸರ್‌ನೇಮು, ಪಾಸ್‌ವರ್ಡು. ಅದೂ ಹೋಗುತ್ತದೆ. ಶನಿವಾರ ರಾತ್ರಿ ಒತ್ತಿ ಕೂತರೆ ಸೋಮವಾರ ಹುಡುಗ ಬರುವವರೆಗೆ ನೆಟ್ ಇಲ್ಲ.

ಅಡ್ಮಿನ್ ಪಾಸ್‌ವರ್ಡ್ ಮರೆತಾಗ, ರೌಟರ್ ಬೇರೆಯವರಿಗೆ ಕೊಡುವಾಗ, ಸೆಟ್ಟಿಂಗ್ ಪೂರ್ತಿ ಕೆಟ್ಟಾಗ ಮಾತ್ರ ಅದನ್ನು ಒತ್ತಬೇಕು. ಅದಕ್ಕೆ ಮೊದಲು ಪಿಪಿಪಿಓಇ ಹೆಸರು, ಪಾಸ್‌ವರ್ಡನ್ನು ಕೇಬಲ್‌ನವರಿಂದ ಕೇಳಿ ಬರೆದಿಡಿ. ರೌಟರ್ ಪುಟದಲ್ಲಿ ಆ ಪಾಸ್‌ವರ್ಡ್ ಸಾಮಾನ್ಯವಾಗಿ ಚುಕ್ಕಿಗಳಾಗಿ ಕಾಣುತ್ತದೆ, ಹಾಗಾಗಿ ಫೋಟೋ ತೆಗೆದರೆ ಸಾಲದು. 'ಬ್ಯಾಕಪ್' ಅಂತ ಇದ್ದರೆ ಫೈಲ್ ಇಳಿಸಿಕೊಳ್ಳಿ. ಆ ಫೈಲನ್ನು ಸಹಾಯ ಕೇಳುವ ನೆಪದಲ್ಲಿ ಸೊಸೈಟಿಯ ವಾಟ್ಸಾಪ್ ಗ್ರೂಪಿಗೆ ಮಾತ್ರ ಹಾಕಬೇಡಿ, ನಿಮ್ಮ ಎಲ್ಲ ಪಾಸ್‌ವರ್ಡೂ ಅದರೊಳಗೇ ಇರುತ್ತದೆ.